ಊರ್ಡಿಗೆರೆಯ ಮರಿಗಳು, ಕುಣಿಗಲ್ಲಿನ ಮರಿ

ಕುರಿಗಳ ಮೇಲೆ ಪ್ರಯೋಗ ಮಾಡುವವರು ಗಂಭೀರವಾಗಿರಬೇಕೆಂದು ನಮಗೆ ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು. ಕುರಿಗಳಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಹಾಗಾಗಿ ನನ್ನ ಕೆಲಸದಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಹೋದ ವರ್ಷದ ಕೆಲವನ್ನು ನಡೆದ ಕ್ರಮದಲ್ಲೇ ಹೇಳುತ್ತೇನೆ. ಕ್ರಮ ತಪ್ಪಿದರೆ ನನಗೆ ಸಮಾಧಾನ ಇರುವುದಿಲ್ಲ.

ಹಾಳು ಕುರಿ

ಊರ್ಡಿಗೆರೆ ಹತ್ತಿರ ಒಂದು ಫಾರಂ ಇದೆ. ಅಲ್ಲಿ ಸಾಕಿರುವುದು ಹಾಲಿನ ತಳಿಯ ಕುರಿ. ಹಸುವಿನ ಹಾಗೆ ಹಾಲು ಕರೆದು, ಚೀಸ್ ಮಾಡಿ, ಬೆಂಗಳೂರಿನ ಹೋಟೆಲುಗಳಿಗೆ ಕಳಿಸುತ್ತಾರೆ. ಹೆಣ್ಣು ಮರಿ ಹುಟ್ಟಿದರೆ ಮುಂದೆ ಹಾಲು ಕೊಡುತ್ತದೆ. ಗಂಡು ಮರಿ ಹುಟ್ಟಿದರೆ ಮಾಂಸಕ್ಕೇ ಹೋಗಬೇಕು. ಆದರೆ ಹಾಲಿನ ತಳಿ ಮೈ ತುಂಬಿಕೊಳ್ಳುವುದು ನಿಧಾನ. ಹೇಗೆ ಸಾಕಿದರೆ ಒಳ್ಳೆಯ ಮಾಂಸ ಸಿಗುತ್ತದೆ ಎಂದು ನೋಡುವುದು ನಮ್ಮ ಪ್ರಯೋಗ.

ಗಂಡು ಮರಿಗಳನ್ನು ಮೂರು ಗುಂಪು ಮಾಡಿದೆವು. ಒಂದು, ತಾಯಿ ಜೊತೆಗೇ ಬೆಳೆಯುವುದು. ಇನ್ನೊಂದು, ಹುಟ್ಟಿದ ಕೂಡಲೇ ತಾಯಿಯಿಂದ ಬೇರೆಯಾಗಿ ಕೊಟ್ಟಿಗೆಯಲ್ಲಿ ಬಾಟಲಿ ಹಾಲು ಕುಡಿದು ಬೆಳೆಯುವುದು. ಮತ್ತೊಂದು, ಬೇಗ ಹಾಲು ಬಿಟ್ಟು ಹುತ್ರಿದುರ್ಗದ ಬೆಟ್ಟದ ಬುಡದಲ್ಲಿ ನಾಟಿ ಕುರಿಗಳ ಜೊತೆ ಮೇಯುವುದು.

ಬಾಟಲಿ ಗುಂಪನ್ನು ಕೊನೆಯವರೆಗೂ ಒಂದೇ ಕೈ ನೋಡಿಕೊಳ್ಳಬೇಕು ಎಂದರು ಪ್ರಯೋಗದ ಮುಖ್ಯಸ್ಥರಾದ ಪಶುವೈದ್ಯ ಡಾಕ್ಟರು. ಅವರು ಹೇಳಿದ ಕೈ ನನ್ನದು. ಫಾರಂನಲ್ಲೇ ಒಂದು ರೂಮು ಕೊಟ್ಟರು.

ನನಗೆ ಆಗಷ್ಟೇ ಮದುವೆಯಾಗಿತ್ತು. ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಮನೆ ಹಿಡಿದು, ಹಾಲು ಉಕ್ಕಿಸಿ, ಕಿಟಕಿಗಳಿಗೆ ಪರದೆ ಕೂಡ ಹಾಕಿದ್ದೆವು. ಆ ಮನೆಗೆ ಬೀಗ ಬಿತ್ತು. ಹೆಂಡತಿ ಕುಣಿಗಲ್ಲಿನ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಒಬ್ಬಳೇ ಶೆಟ್ಟಿಹಳ್ಳಿಯಲ್ಲಿ ಇದ್ದು ಏನು ಮಾಡುವುದೆಂದು ಕುಣಿಗಲ್ಲಿನ ತವರುಮನೆಯಲ್ಲೇ ಉಳಿದಳು. ಮರಿಗಳು ಬೆಳೆದು, ಪ್ರಯೋಗ ಮುಗಿದು, ನಾನು ತುಮಕೂರಿನ ಲ್ಯಾಬಿಗೆ ವಾಪಸಾದ ದಿನ ನಮ್ಮ ಸಂಸಾರ ಶುರು ಎಂದು ತೀರ್ಮಾನವಾಯಿತು.

ಹೊಸ ಮನೆ ಬಿಟ್ಟು ಹೊರಟದ್ದು ಯಾಕೆ ಎಂದು ಅತ್ತೆಯವರಿಗೆ ಫೋನಿನಲ್ಲಿ ವಿವರಿಸಿದೆ. "ಹಾಲು ಕುರಿ ಮೇಲೆ ಸಂಶೋಧನೆ ಅತ್ತೆ." ಸಿಗ್ನಲ್ ಸರಿ ಇರಲಿಲ್ಲ.

ಮರುದಿನ ಹೆಂಡತಿ ಫೋನ್ ಮಾಡಿದಳು. "ಅಮ್ಮ ಪಕ್ಕದ ಮನೆಯವ್ರಿಗೆ ಏನ್ ಹೇಳ್ತಿದ್ರು ಗೊತ್ತಾ?"

"ಏನು?"

"'ನಮ್ಮಳಿಯಂದ್ರು ಎಮ್ಮೆಸ್ಸಿ ಓದವ್ರೆ. ಆದ್ರೆ ಅದ್ಯಾವ್ದೋ ಹಾಳು ಕುರಿ ಹಿಂದೆ ಬಿದ್ದವ್ರೆ' ಅಂತ."

ತಿದ್ದಬೇಕೆಂದುಕೊಂಡೆ. ಯೋಚಿಸಿ ನೋಡಿದರೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಹನ್ನೆರಡು

ಬಾಟಲಿ ಗುಂಪಿನಲ್ಲಿ ಇದ್ದದ್ದು ಹನ್ನೆರಡು ಮರಿ. ನಿಪ್ಪಲ್ಲುಗಳನ್ನು ಕಚ್ಚಿ ಹರಿದುಹಾಕುತ್ತಿದ್ದವು. ಒಂದು ಮಧ್ಯಾಹ್ನ ಎರಡು ಹೊತ್ತಿನ ಹಾಲಿನ ನಡುವೆ ಬಿಡುವು ಮಾಡಿಕೊಂಡು, ಫಾರಂ ಮಾಲೀಕರ ಬೈಕ್ ಇಸಿದುಕೊಂಡು ತುಮಕೂರಿಗೆ ಹೋದೆ.

ಮೊದಲು ಶೆಟ್ಟಿಹಳ್ಳಿಯ ಮನೆಯ ಬೀಗ ತೆಗೆದು ನೋಡಿದೆ. ಹೊರಡುವ ದಿನ ಅವಳು ಕಿಟಕಿ ಸರಳಿಗೆ ಒಣಹಾಕಿದ್ದ ಟವೆಲು ಹಾಗೇ ಇತ್ತು. ಹಪ್ಪಳದಂತೆ ಗಟ್ಟಿಯಾಗಿತ್ತು. ತೆಗೆದು ಮಡಿಸಲು ಮನಸ್ಸು ಬರಲಿಲ್ಲ. ಬೀಗ ಹಾಕಿಕೊಂಡು ಬೀದಿ ಕೊನೆಯ ಮೆಡಿಕಲ್ ಸ್ಟೋರಿಗೆ ಹೋದೆ. ಅಂಗಡಿಯವರಿಗೆ ನನ್ನ ಗುರುತಿತ್ತು. ಮನೆಗೆ ಬಂದ ಹೊಸದರಲ್ಲಿ ನಮ್ಮಿಬ್ಬರನ್ನೂ ಮಾತಾಡಿಸಿದ್ದರು.

"ಫೀಡಿಂಗ್ ಬಾಟಲ್ ನಿಪ್ಪಲ್ ಇದೆಯಾ?"

"ಇದೆ ಸಾರ್. ಎಷ್ಟು ಕೊಡ್ಲಿ?"

"ಹನ್ನೆರಡು."

ಅವರ ಕೈ ಡಬ್ಬಿಯ ಮೇಲೆ ನಿಂತಿತು. "ಒಂದು ಮಗುಗೆ ಎರಡಿದ್ರೆ ಸಾಕು ಸಾರ್."

"ಹನ್ನೆರಡು ಇದಾವೆ."

"ನೀವು ಮೊನ್ನೆ ಮೊನ್ನೆ ಮದ್ವೆ ಆದೋರಲ್ವಾ?"

"ಹೌದು. ಒಂದು ತಿಂಗಳಾಯ್ತು."

ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವುದು ನನ್ನ ಅಭ್ಯಾಸ. ಅವರು ಡಬ್ಬಿ ಬಿಚ್ಚುತ್ತಾ, "ಹಲ್ಲು ಬಂದಿದೆಯಾ?" ಎಂದರು.

"ಹುಟ್ಟಿದ ವಾರದಲ್ಲೇ ಬಂದ್ಬಿಡುತ್ತೆ."

"ತಾಯಿ ಹಾಲು ಇಲ್ವಾ ಸಾರ್?"

"ಬೇಕಾದಷ್ಟಿದೆ. ಅದನ್ನ ಹೋಟೆಲಿಗೆ ಕಳಿಸ್ತೀವಿ."

ಅವರು ಪೊಟ್ಟಣ ಕಟ್ಟಿದರು. ಚಿಲ್ಲರೆ ಕೊಡುವಾಗ ಮೆಲ್ಲಗೆ ಕೇಳಿದರು. "ಮೇಡಂ ಎಲ್ಲಿ ಸಾರ್, ಕಾಣ್ತಾನೇ ಇಲ್ಲ?"

"ತವರಿಗೆ ಹೋದಳು."

"ಹೋಗ್ದೆ ಇನ್ನೇನ್ ಮಾಡ್ತಾರೆ ಸಾರ್," ಎಂದರು.

ಯಾರು ಮರಿ?

ಹೆಂಡತಿಯನ್ನು ನಾನು ಕರೆಯುವುದು 'ಮರಿ' ಎಂದು. ನಮ್ಮ ಕಡೆ ಮುದ್ದಿನವರನ್ನೆಲ್ಲ ಹಾಗೇ ಕರೆಯುತ್ತಾರೆ. ಕುರಿಯ ಮಕ್ಕಳನ್ನೂ ಹಾಗೇ ಕರೆಯುತ್ತಾರೆ. ಇದರಿಂದ ಮುಂದೆ ತೊಂದರೆಯಾಗಬಹುದು ಎಂದು ಮದುವೆಯಾಗುವಾಗ ನನಗೆ ಹೊಳೆದಿರಲಿಲ್ಲ.

ಹಾಲು ಕುಡಿಸುವಾಗ "ಬಾ ಮರಿ, ಬಾ ಮರಿ" ಎಂದು ಕರೆದೂ ಕರೆದೂ, ಆ ಎರಡಕ್ಷರ ಕಿವಿಗೆ ಬಿದ್ದರೆ ಹಾಲು ಬಂತು ಎಂದು ಹನ್ನೆರಡೂ ಕಲಿತುಬಿಟ್ಟವು. ಫಾರಂನಲ್ಲಿ ಸಿಗ್ನಲ್ ಸರಿಯಾಗಿ ಸಿಗುವುದು ಒಂದೇ ಜಾಗದಲ್ಲಿ. ಅದು ಬಾಟಲಿ ಗುಂಪಿನ ಕೊಟ್ಟಿಗೆಯ ಹಿಂಬದಿ ಗೋಡೆ.

ಸಂಜೆ ಅವಳು ಸ್ಕೂಲಿನಿಂದ ಬಂದ ಮೇಲೆ ಆ ಗೋಡೆಗೆ ಒರಗಿ ಫೋನ್ ಮಾಡಿದೆ.

"ಮರಿ, ಕಾಫಿ ಆಯ್ತಾ?"

ಗೋಡೆಯ ಆಚೆ ಹನ್ನೆರಡು ಗಂಟಲು ಒಟ್ಟಿಗೆ "ಬ್ಯಾ" ಎಂದವು.

"ಯಾರ್ರೀ ಅದು?" ಎಂದಳು.

"ಮರಿ."

"ಮತ್ತೆ ನಾನ್ಯಾರು?"

"ನೀನೂ ಮರಿ."

"ಬ್ಯಾ" ಎಂದವು.

ದನಿ ತಗ್ಗಿಸಿ ಮಾತಾಡಿದೆ. ಮೆತ್ತಗೆ ಹೇಳಿದಷ್ಟೂ ಅವುಗಳ ಕೂಗು ಜೋರಾಯಿತು. ಹಾಲು ಕೊಡುವಾಗ ನಾನು ಕರೆಯುತ್ತಿದ್ದದ್ದೂ ಮೆತ್ತಗೇ. ಅದರಲ್ಲೂ ಏಳನೇ ನಂಬರಿನ ಮರಿ ಎಲ್ಲಕ್ಕಿಂತ ಮೊದಲು ಶುರು ಮಾಡಿ ಎಲ್ಲಕ್ಕಿಂತ ಕೊನೆಗೆ ನಿಲ್ಲಿಸುತ್ತಿತ್ತು. ಅವಳು ಫೋನ್ ಎತ್ತಿದ ಕೂಡಲೇ, "ಏಳನೇದು ಹೇಗಿದೆ?" ಎಂದು ಕೇಳುವಷ್ಟು ಅದರ ದನಿ ಅವಳಿಗೆ ಪರಿಚಯವಾಯಿತು.

ಒಂದು ಶನಿವಾರ ತಡೆಯಲಾಗದೆ ಕೇಳಿದೆ. "ಮರಿ, ನಾಳೆ ಒಂದು ಗಳಿಗೆ ಬಂದು ಹೋಗ್ಲಾ?"

"ಬ್ಯಾ" ಎಂದಿತು ಏಳನೇ ನಂಬರು, ಒಂದೇ.

ಅವಳು, "ನಿಮ್ಮ ಮನೇಲೇ ಬ್ಯಾಡ ಅಂತಿದಾರಲ್ರೀ," ಎಂದಳು. ನಗುತ್ತಲೇ ಹೇಳಿದಳು. ನಗು ಮುಗಿದ ಮೇಲೂ ಫೋನ್ ಇಡಲಿಲ್ಲ.

ಮರುದಿನದಿಂದ ಹೆಸರು ಹಿಡಿದು ಕರೆಯೋಣವೆಂದು ಹಾಗೇ ಕರೆದೆ. ಮರಿಗಳು ಸುಮ್ಮನಿದ್ದವು. ಅವಳೂ ಸುಮ್ಮನಾದಳು. "ನನ್ ಮೇಲೆ ಏನಾದ್ರೂ ಕೋಪಾನಾ?" ಎಂದಳು.

ಮತ್ತೆ ಮರಿ ಎಂದೇ ಕರೆದೆ. ಹದಿಮೂರಕ್ಕೂ ಸಮಾಧಾನವಾಯಿತು.

ದನಿ ಕೇಳಿಸಬಾರದು

ಬೆಟ್ಟಕ್ಕೆ ಹೋಗುವ ಗುಂಪಿನ ಹಾಲು ಬಿಡಿಸಿ ಹುತ್ರಿದುರ್ಗಕ್ಕೆ ಸಾಗಿಸುವ ಹೊತ್ತು ಬಂತು. ಇಷ್ಟು ದೂರ ಯಾಕೆ, ಪಕ್ಕದ ಕೊಟ್ಟಿಗೆಯಲ್ಲೇ ನಾಲ್ಕು ದಿನ ಇಟ್ಟುಕೊಳ್ಳಬಹುದಲ್ಲ ಎಂದರು ಮಾಲೀಕರು.

ಡಾಕ್ಟರು ತಲೆಯಾಡಿಸಿದರು. "ಕಣ್ಣಿಗೆ ಕಾಣದಿದ್ರೆ ಸಾಲ್ದು. ತಾಯಿ ದನಿ ಮರಿಗೆ ಕೇಳಿಸ್ಬಾರ್ದು. ದನಿ ಕೇಳಿದ್ರೆ ಮೇವು ಮುಟ್ಟಲ್ಲ, ತೂಕ ಇಳ್ದೋಗುತ್ತೆ."

ಅದೇ ವಾರ ಆಷಾಢ ಬಂತು. ಅತ್ತೆಯವರು ಫೋನ್ ಮಾಡಿದರು. "ಅಳಿಯಂದ್ರೆ, ಒಂದ್ ತಿಂಗ್ಳು ಈ ಕಡೆ ಬರ್ಬೇಡಿ. ಹೊಸದಾಗಿ ಮದ್ವೆ ಆದೋರು ಆಷಾಢದಲ್ಲಿ ಒಟ್ಟಿಗಿರ್ಬಾರ್ದು. ನಾನೂ ನೀವೂ ಒಂದೇ ಹೊಸ್ಲು ದಾಟೋ ಹಾಗಿಲ್ಲ."

"ಇದುವರೆಗೂ ಬರೋಕೆ ಆಗಿಲ್ವಲ್ಲ ಅತ್ತೆ."

"ಅದು ಕೆಲ್ಸ. ಇದು ಶಾಸ್ತ್ರ. ಎರಡೂ ಬೇರೆ."

ಫಾರಂನಲ್ಲಿ ಮರಿಗಳನ್ನು ತೂಗುವ ಮೊದಲು ತೂಕದ ಯಂತ್ರ ಸರಿ ಇದೆಯೇ ಎಂದು ನೋಡಬೇಕು. ನನ್ನ ತೂಕ ಗೊತ್ತಿದ್ದದ್ದರಿಂದ ಪ್ರತಿ ಸಲ ಮೊದಲು ನಾನೇ ಹತ್ತಿ ನಿಲ್ಲುತ್ತಿದ್ದೆ. ಆಷಾಢದ ನಡುವೆ ಒಂದು ದಿನ ಡಾಕ್ಟರು ಅದನ್ನು ನೋಡಿ ಹುಬ್ಬು ಗಂಟಿಕ್ಕಿದರು. ಯಂತ್ರ ನನ್ನ ತೂಕವನ್ನು ಪ್ರತಿ ಸಲವೂ ಹಿಂದಿನ ಸಲಕ್ಕಿಂತ ಕಡಿಮೆ ತೋರಿಸುತ್ತಿತ್ತು. "ಮಿಷನ್ ಕೆಟ್ಟಿದೆ. ಇಲ್ಲೀವರೆಗೂ ತೂಗಿದ್ದೆಲ್ಲ ಹಾಳು," ಎಂದು ತುಮಕೂರಿನಿಂದ ರಿಪೇರಿಯವರನ್ನು ಕರೆಸಿದರು.

ರಿಪೇರಿಯವರು ಬಟ್ಟು ಇಟ್ಟು ತೂಗಿದರು. ತೆಗೆದು ಇನ್ನೊಂದು ಬಟ್ಟು ಇಟ್ಟರು. "ಮಿಷನ್ ಚಿನ್ನದಂಗಿದೆ ಸಾರ್. ಇಳ್ದಿರೋದು ಇವ್ರು," ಎಂದು ನನ್ನನ್ನು ತೋರಿಸಿದರು.

ಡಾಕ್ಟರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಊಟ ಮಾಡ್ತಿಲ್ವೇನಪ್ಪಾ?"

ನನಗಿಂತ ಮೊದಲು ಮಾಲೀಕರು ಬಾಯಿ ಬಿಟ್ಟರು. "ದಿನಾ ಸಾಯಂಕಾಲ ಆ ಗೋಡೆ ಹತ್ರ ನಿಂತು ಮನೆಯವ್ರ ಜೊತೆ ಫೋನಲ್ಲಿ ಮಾತಾಡ್ತಾರೆ ಸಾರ್. ಆಮೇಲೆ ತಟ್ಟೆ ಮುಂದೆ ಸುಮ್ನೆ ಕೂತಿರ್ತಾರೆ."

"ಹೇಳಿರ್ಲಿಲ್ವಾ?" ಎಂದರು ಡಾಕ್ಟರು. "ದನಿ ಕೇಳಿಸ್ಬಾರ್ದು ಅಂತ."

ಅಜ್ಜಿಯ ಹೊಸಿಲು

ಬೆಟ್ಟದ ಗುಂಪನ್ನು ಆಗಾಗ ಹುತ್ರಿದುರ್ಗಕ್ಕೇ ಹೋಗಿ ತೂಗಬೇಕಿತ್ತು. ಆ ದಿನ ಮಾತ್ರ ಬಾಟಲಿ ಹಿಡಿಯಲು ಮಾಲೀಕರಿಗೆ ಡಾಕ್ಟರ ಒಪ್ಪಿಗೆ ಇತ್ತು. ಹುತ್ರಿದುರ್ಗ ಇರುವುದು ಕುಣಿಗಲ್ ತಾಲ್ಲೂಕಿನಲ್ಲಿ. ಹೆಂಡತಿ ಲೆಕ್ಕ ಹಾಕಿದಳು. "ಭಾನುವಾರ ಬೆಟ್ಟ ನೋಡೋಕೆ ಹೋಗ್ತೀನಿ ಅಂತ ಹೇಳ್ತೀನಿ. ಬೆಟ್ಟಕ್ಕೆ ಯಾವ ಹೊಸಿಲೂ ಇಲ್ಲವಲ್ಲ."

ಅಂದು ಬೆಟ್ಟದ ಬುಡದಲ್ಲಿ ನಮ್ಮ ಮರಿಗಳನ್ನು ಕಾಯುವವರ ಮನೆಗೆ ನಾನು ಮೊದಲು ತಲುಪಿದೆ. ತೂಗುವ ಮರಿಗಳ ಹೊಟ್ಟೆ ಖಾಲಿ ಇರಬೇಕು. ಹಿಂದಿನ ಸಂಜೆಯಿಂದ ಏನೂ ಕೊಡಬೇಡಿ ಎಂದು ಹೇಳಿ ಕಳಿಸಿದ್ದೆ. ಆದರೆ ಮರಿಗಳ ಹೊಟ್ಟೆ ಮದ್ದಳೆಯಂತಿತ್ತು.

"ಇವಕ್ಕೆ ಏನಾದ್ರೂ ತಿನ್ನಿಸಿದ್ರಾ ಅಜ್ಜಿ?"

"ಬೆಳಿಗ್ಗೆ ಒಂದಿಷ್ಟು ಹುರುಳಿ ಬೇಯ್ಸಿ ಹಾಕ್ದೆ ಕಣ್ ಮಗಾ," ಎಂದರು ಆ ಮನೆಯ ಅಜ್ಜಿ.

"ಹಸಿದಿರಬೇಕು ಅಂತ ಹೇಳಿದ್ನಲ್ಲ."

"ನಮ್ಮನೆಯಿಂದ ಯಾರ್ನೂ ಖಾಲಿ ಹೊಟ್ಟೇಲಿ ಕೆಲ್ಸಕ್ಕೆ ಕಳ್ಸಿಲ್ಲ ಕಣಪ್ಪ. ಪಾಪ, ತೂಕಕ್ಕೆ ನಿಲ್ಲೋವು. ನೀನೂ ಕೈ ತೊಳ್ಕೊ, ಮುದ್ದೆ ಕಟ್ತೀನಿ."

ತೂಕ ಮುಂದಿನ ಭಾನುವಾರಕ್ಕೆ ಹೋಯಿತು. ಇನ್ನೊಂದು ಭಾನುವಾರ ಸಿಕ್ಕಿತಲ್ಲ ಎಂದು ನಾನು ಹೆಚ್ಚು ವಾದಿಸಲಿಲ್ಲ. ಅಷ್ಟರಲ್ಲಿ ಹೆಂಡತಿ ಆಟೋದಿಂದ ಇಳಿದಳು. ಮದುವೆಯಲ್ಲಿ ಉಟ್ಟಿದ್ದ ಹಸಿರು ಸೀರೆಯನ್ನು ಬೆಟ್ಟ ನೋಡಲು ಉಟ್ಟುಕೊಂಡು ಬಂದಿದ್ದಳು. ಇಬ್ಬರೂ ಜಗಲಿಯ ಮೇಲೆ ಕೂತೆವು. ಏನು ಮಾತಾಡಬೇಕೆಂದು ತಿಳಿಯದೆ ಹುರುಳಿಯ ಬಗ್ಗೆ ಹೇಳುತ್ತಿದ್ದೆ.

"ಯಾರ್ ಮಗಾ ಈ ಹುಡ್ಗಿ?" ಎಂದರು ಅಜ್ಜಿ.

"ನನ್ನ ಹೆಂಡತಿ."

"ಮದ್ವೆ ಯಾವಾಗಾಯ್ತು?"

ಕೇಳಿದ್ದಕ್ಕೆ ಉತ್ತರ ಕೊಟ್ಟೆ. ಹೆಂಡತಿ ಮೊಣಕೈಯಿಂದ ತಿವಿದದ್ದು ತಡವಾಯಿತು.

"ಅಯ್ಯೋ ಬುಡ್ತು! ಆಷಾಢದಾಗೆ ಜೋಡಿ ಕೂತವ್ರೆ ನಮ್ ಜಗಲಿ ಮ್ಯಾಲೆ! ಏಳವ್ವ, ಒಳೀಕ್ ಬಾ."

ಅವಳನ್ನು ಒಳಗೆ ಕರೆದುಕೊಂಡು ಹೋಗಿ ಅಡುಗೆಮನೆಯಲ್ಲಿ ಕೂರಿಸಿದರು. ನಾನು ಹೊರಗೆ. ನಡುವೆ ಒಂದು ಗೋಡೆ, ಗೋಡೆಯಲ್ಲಿ ಒಂದು ಸಣ್ಣ ಕಿಟಕಿ. ಅದರಿಂದ ಮೊದಲು ಬಳೆ ಕಂಡಿತು, ಹಿಂದೆಯೇ ಮುದ್ದೆಯ ತಟ್ಟೆ ಬಂತು. ತಟ್ಟೆ ಇಸಿದುಕೊಳ್ಳುವಾಗ ಬೆರಳು ತಾಗಿತು. ಅವಳು ತಟ್ಟೆ ಬಿಡಲಿಲ್ಲ. ನಾನೂ ಎಳೆಯಲಿಲ್ಲ.

ಒಳಗಿನಿಂದ ಅಜ್ಜಿಯ ದನಿ ಬಂತು. "ಬುಡವ್ವ ತಟ್ಟೆಯ. ಅವ್ನೇನು ತಟ್ಟೆ ಸಮೇತ ನುಂಗಾಕಿಲ್ಲ."

ಒಳಗಿನ ಕೊಬ್ಬು

ಇದು ಚಿಕ್ಕದು. ಒಂದು ಸಂಜೆ ಹೆಂಡತಿ, "ನಿಮ್ಮ ಕುರಿಗೂ ನಾಟಿ ಕುರಿಗೂ ಏನ್ ವ್ಯತ್ಯಾಸ?" ಎಂದು ಕೇಳಿದಳು. ಅವಳು ಪ್ರಯೋಗದ ಬಗ್ಗೆ ಕೇಳಿದ್ದು ಅದೇ ಮೊದಲು. ಸಂತೋಷವಾಗಿ ವಿವರಿಸಿದೆ.

"ನಾಟಿ ಕುರಿಯ ಕೊಬ್ಬು ಚರ್ಮದ ಕೆಳಗೇ ಇರುತ್ತೆ. ಬೆನ್ನು ಮುಟ್ಟಿದರೆ ಗೊತ್ತಾಗುತ್ತೆ. ಹಾಲಿನ ತಳಿ ಹಾಗಲ್ಲ. ಹೊರಗೆ ನೋಡಿದರೆ ಬಡಕಲು. ಇರೋದನ್ನೆಲ್ಲ ಒಳಗೆ, ಕಿಡ್ನಿ ಸುತ್ತ ಇಟ್ಟುಕೊಂಡಿರುತ್ತೆ."

"ಅಂದ್ರೆ ಒಳಗೆ ಬೇಕಾದಷ್ಟಿರುತ್ತೆ, ಹೊರಗೆ ತೋರಿಸಲ್ಲ."

"ಸರಿಯಾಗಿ ಹೇಳಿದೆ."

"ಅಂಥ ತಳಿ ನಮ್ಮನೇಲೂ ಒಂದಿದೆ."

"ಕುಣಿಗಲ್ಲಲ್ಲಾ? ಯಾವುದು?" ಎಂದೆ.

ಅವಳು ಫೋನ್ ಇಟ್ಟಳು. ನನಗೆ ಅರ್ಥವಾದಾಗ ಸಿಗ್ನಲ್ ಹೋಗಿತ್ತು.

ಉಪ್ಪು

ದಸರಾ ರಜೆಯ ಹೊತ್ತಿಗೆ ಪ್ರಯೋಗ ಮುಗಿಯಿತು. ಮುಗಿಯುವುದೆಂದರೆ ಏನು ಎಂದು ಮೊದಲ ದಿನದಿಂದಲೂ ನನಗೆ ಗೊತ್ತಿತ್ತು. ಶೆಟ್ಟಿಹಳ್ಳಿಯ ಬೀಗ ತೆಗೆಯುವುದಕ್ಕೂ ಕೊಟ್ಟಿಗೆಯ ಬಾಗಿಲು ತೆಗೆಯುವುದಕ್ಕೂ ಒಂದೇ ದಿನ ನಿಗದಿಯಾಗಿತ್ತು. ಆ ದಿನ ಬೇಗ ಬರಲಿ ಎಂದು ಕಾಯುತ್ತಲೇ ಇದ್ದೆ. ಹತ್ತಿರ ಬಂದ ಮೇಲೆ ಇನ್ನೆರಡು ದಿನ ತಡವಾಗಲಿ ಎಂದುಕೊಂಡೆ.

ಗುಬ್ಬಿಯಲ್ಲಿ ಮಾಂಸ ಮಾಡುವ ವ್ಯವಸ್ಥೆಯಾಗಿತ್ತು. ಆ ದಿನ ನಸುಕಿನಲ್ಲೇ ವ್ಯಾನು ಬಂತು. ಬಾಟಲಿ ಗುಂಪಿನ ಮರಿಗಳು ಯಾರು ಎಳೆದರೂ ಹತ್ತಲಿಲ್ಲ. ನಾನು ವ್ಯಾನಿನೊಳಗೆ ನಿಂತು "ಬಾ ಮರಿ" ಎಂದೆ. ಹನ್ನೆರಡೂ ಹತ್ತಿದವು. ಏಳನೇ ನಂಬರು ಮೊದಲು.

ಫಲಿತಾಂಶ ಹೀಗೆ ಬಂತು: ತಾಯಿ ಜೊತೆ ಬೆಳೆದವು ಎಲ್ಲಕ್ಕಿಂತ ಬೇಗ ಮೈ ತುಂಬಿಕೊಂಡಿದ್ದವು. ಬಾಟಲಿಯವು ಅವಕ್ಕಿಂತ ಸ್ವಲ್ಪ ಹಿಂದೆ, ಒಳಗಿನ ಕೊಬ್ಬು ಮಾತ್ರ ಜಾಸ್ತಿ. ಬೆಟ್ಟದವು ತೂಕದಲ್ಲಿ ಕಡಿಮೆ, ಮಾಂಸ ಕೆಂಪು, ಗಟ್ಟಿ.

ಉಳಿದದ್ದು ರುಚಿ. ಗುಬ್ಬಿ ಡಾಕ್ಟರ ಊರು. ಅದೇ ಮಧ್ಯಾಹ್ನ ಅಲ್ಲಿನ ನೆಂಟರಿಷ್ಟರನ್ನು ಸೇರಿಸಿ, ಯಾವ ತಟ್ಟೆ ಯಾವ ಗುಂಪಿನದು ಎಂದು ಹೇಳದೆ ತಿನ್ನಿಸಿ ಕೇಳುವುದೆಂದಾಯಿತು. ನಿಯಮದ ಪ್ರಕಾರ ಮಾಂಸಕ್ಕೆ ಏನೂ ಸೇರಿಸುವಂತಿಲ್ಲ. ಬರೀ ನೀರಿನಲ್ಲಿ ಬೇಯಿಸಿದ ತುಂಡುಗಳು. 'ಕುರಿ ಊಟ' ಎಂಬ ಎರಡು ಮಾತು ಕೇಳಿ ಬೆಳಿಗ್ಗೆ ತಿಂಡಿ ಕೂಡ ತಿನ್ನದೆ ಬಂದವರು ಸಾಲಾಗಿ ಕೂತರು. ತಟ್ಟೆ ಬಂದಾಗ ಎಲ್ಲರೂ ಅಡುಗೆಮನೆಯ ಕಡೆ ನೋಡಿದರು.

"ಸಾರು ಹಿಂದಿಂದ ಬರುತ್ತಾ?" ಎಂದು ಒಬ್ಬರು ಕೇಳಿದರು.

"ಸಾರಿಲ್ಲ ಮಾವ. ಅಗಿದು ನೋಡಿ ಹೇಳಿ. ಮೆತ್ತಗಿದೆಯಾ, ರಸ ಇದೆಯಾ," ಎಂದರು ಡಾಕ್ಟರು.

"ಮುದ್ದೆ?"

"ಅದೂ ಇಲ್ಲ."

"ಒಂದು ಈರುಳ್ಳಿ?"

"ಈರುಳ್ಳಿ ರುಚಿ ಬಂದುಬಿಡುತ್ತೆ."

"ಬರ್ಲಿ ಅಂತಾನೇ ಕಣಯ್ಯ ಕೇಳ್ತಿರೋದು!"

ಡಾಕ್ಟರು ನನ್ನ ಕಡೆ ತಿರುಗಿದರು. "ನೀನೂ ಒಂದು ತುಂಡು ನೋಡಪ್ಪ."

"ಯಾವ ತಟ್ಟೆ ಯಾವ ಗುಂಪು ಅಂತ ನನಗೆ ಗೊತ್ತು ಸಾರ್. ನಾನು ತಿನ್ನೋ ಹಾಗಿಲ್ಲ," ಎಂದೆ. ನಿಯಮ ಇರುವುದು ಹಾಗೆಯೇ. ಅವರು ಒತ್ತಾಯ ಮಾಡಲಿಲ್ಲ.

ಕೊನೆಗೆ ಎಲ್ಲರಿಗಿಂತ ಹಿರಿಯರಾದ ಆ ಮಾವ ಮೂರು ತಟ್ಟೆಯನ್ನೂ ಮುಗಿಸಿ, ಬಾಯಿ ಒರೆಸಿಕೊಂಡು ತೀರ್ಪು ಕೊಟ್ಟರು. "ನೋಡಪ್ಪಾ ಡಾಕ್ಟ್ರೆ. ತಾಯಿ ಹತ್ರ ಬೆಳೀಲಿ, ಬೆಟ್ಟದಲ್ಲಿ ಬೆಳೀಲಿ. ಮೂರ್ರಲ್ಲೂ ವ್ಯತ್ಯಾಸ ಏನೂ ಇಲ್ಲ. ಮೂರಕ್ಕೂ ಉಪ್ಪಿಲ್ಲ."

ಲಗೇಜ್ ಟಿಕೆಟ್

ಆ ಸಂಜೆ ಬ್ಯಾಗು ತರಲು ಊರ್ಡಿಗೆರೆಗೆ ಹೋದೆ. ಬಾಟಲಿಗಳನ್ನು ತೊಳೆದು ಕವುಚಿಟ್ಟೆ. ಹೆಂಡತಿಯ ಸ್ಕೂಲಿಗೆ ಅಂದಿನಿಂದ ರಜೆ. ನಾಳೆ ಬೆಳಿಗ್ಗೆ ಸಾಮಾನು ಕಟ್ಟಿಕೊಂಡು ಶೆಟ್ಟಿಹಳ್ಳಿಗೆ ಬರುತ್ತೇನೆ ಎಂದಿದ್ದಳು. ಅದೇ ಗೋಡೆಗೆ ಒರಗಿ ಫೋನ್ ಮಾಡಿದೆ.

"ಮರಿ," ಎಂದೆ.

ಎಂದು, ಅಭ್ಯಾಸದಂತೆ ಫೋನನ್ನು ಕಿವಿಯಿಂದ ದೂರ ಹಿಡಿದು ಕಾದೆ. ಗೋಡೆಯ ಆಚೆಯಿಂದ ಏನೂ ಬರಲಿಲ್ಲ.

ಇಷ್ಟು ತಿಂಗಳು ನಾನು ಬಯಸಿದ್ದು ಇದನ್ನೇ. ಯಾರೂ ಅಡ್ಡ ಬಾಯಿ ಹಾಕದೆ ಅವಳ ಜೊತೆ ಮಾತಾಡುವುದು. ಈಗ ಗೋಡೆಗೆ ಕಿವಿ ಕೊಟ್ಟು ನಿಂತೆ. ಆ ಕಡೆ ಅವಳೂ ಕೂಗಿಗಾಗಿ ಕಾಯುತ್ತಿದ್ದಳೆಂದು ಕಾಣುತ್ತದೆ. ಸ್ವಲ್ಪ ಹೊತ್ತಾದ ಮೇಲೆ, "ಹೋದ್ವಾ?" ಎಂದಳು.

"ಹ್ಞೂಂ."

"ಏಳನೇದೂ?"

"ಅದೇ ಮೊದಲು ಹತ್ತಿದ್ದು."

ಆಮೇಲೆ ಫೋನಿನಲ್ಲಿ ಬರೀ ಗಡಗಡ ಸದ್ದು ಬರುತ್ತಿತ್ತು. ಸಿಗ್ನಲ್ ಹೋಯಿತೆಂದುಕೊಂಡು, "ಮರಿ?" ಎಂದು ಇನ್ನೊಮ್ಮೆ ಕರೆದೆ.

"ಬ್ಯಾ," ಎಂದಿತು ಫೋನು.

ಫೋನನ್ನು ಕಿವಿಗೆ ಒತ್ತಿಕೊಂಡೆ.

"ಬ್ಯಾ" ಎಂದಳು ಮತ್ತೆ, ಈ ಸಲ ಗಟ್ಟಿಯಾಗಿ, ಏಳನೇ ನಂಬರಿನ ಹಾಗೇ ಎಳೆದು.

ಅವಳ ಹಿಂದಿನಿಂದ ಒಂದು ಗಂಡು ದನಿ ಕೇಳಿಸಿತು. "ಯಾರ್ರೀ ಅದು, ಬಸ್ಸಿಗೆ ಕುರಿಮರಿ ಹತ್ಸಿರೋರು? ಲಗೇಜ್ ಟಿಕೆಟ್ ತಗೊಂಡ್ರಾ?"

"ಎಲ್ಲಿದೀಯ ನೀನು?" ಎಂದೆ.

"ಹೆಬ್ಬೂರು ದಾಟ್ತು. ನಾಳೆವರೆಗೂ ಕಾಯೋಕಾಗ್ಲಿಲ್ಲ ಕಣ್ರೀ," ಎಂದಳು ನನಗೆ. ಆಮೇಲೆ ಕಂಡಕ್ಟರಿಗೆ ಹೇಳಿದ್ದೂ ಕೇಳಿಸಿತು.

"ನಂದೇ ಸಾರ್, ಒಂದೇ ಮರಿ. ಲಗೇಜ್ ದುಡ್ಡು ತುಮಕೂರಲ್ಲಿ ಇಸ್ಕೊಳ್ಳಿ. ಮರಿ ಯಜಮಾನ್ರು ಬಸ್‌ಸ್ಟ್ಯಾಂಡಿಗೆ ಬರ್ತಿದಾರೆ."